ವಂಶವೃಕ್ಷದ ಕಸಿ: ವೆಲ್ಲೆಸ್ಲಿ ಮನೆತನವೂ ಚನ್ನಗಿರಿಯ ಧೋಂಡಿಯನೂ



ಇಂಗ್ಲೆಂಡಿನ ಚರಿತ್ರೆಯನ್ನು ಪಾಠ ಹೇಳುವುದು ನಮ್ಮ ವೃತ್ತಿ. ಆ ದೇಶದ ಚರಿತ್ರೆಯೆಂದರೆ ಬಹುಮಟ್ಟಿಗೆ ಮನೆತನಗಳ ಚರಿತ್ರೆ. ಯಾವ ಡ್ಯೂಕನು ಯಾವ ಅರ್ಲನ ಮಗ, ಯಾವ ಬಿರುದು ಯಾವ ಮನೆಗೆ ಯಾವ ವರ್ಷ ಬಂದಿತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೋಸ್ಕರ ಬಾಯಿಪಾಠ ಮಾಡುವುದುಂಟು. ಒಂದು ಸಲ, ಈ ಪಾಠಕ್ಕೆ ಸ್ವಲ್ಪ ಜೀವ ಬರಲೆಂದು, ಅವರವರ ಮನೆಯ ವಂಶವೃಕ್ಷವನ್ನು ಬರೆದು ತರುವಂತೆ ತರಗತಿಗೆ ಹೇಳಿದೆವು. ಜಗಳೂರಿನ ಕಡೆಯ ಹುಡುಗನೊಬ್ಬನು ತಂದ ಹಾಳೆಯಲ್ಲಿ ಅಜ್ಜನ ಹೆಸರಿನ ಮೇಲೆ ಏನನ್ನೋ ಬರೆದು ಅಳಿಸಿದ ಗುರುತಿದ್ದಿತು. ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದವು ಆ ಸ್ಥಳದಲ್ಲಿ ಹರಿಯುವಷ್ಟು ತೆಳ್ಳಗಾಗಿದ್ದಿತು. ಇದೇನಪ್ಪಾ ಎಂದು ಕೇಳಿದುದಕ್ಕೆ ಅವನು ತಲೆ ತಗ್ಗಿಸಿ, "ನಮ್ಮಜ್ಜ ಸಾಕುಮಗ ಸಾರ್. ಅದರ ಹಿಂದಿನವರು ನಮ್ಮವರು ಅಂತ ಬರೆಯೋದು ಸುಳ್ಳಾಗುತ್ತೆ ಅಂದ್ರು" ಎಂದನು. ಯಾರು ಹಾಗೆಂದರೋ ನಾವು ಕೇಳಲಿಲ್ಲ. ಗಂಟೆ ಹೊಡೆಯಿತು, ಹುಡುಗನು ಹಾಳೆಯನ್ನು ಮಡಿಸಿಕೊಂಡು ಹೊರಟುಹೋದನು. ಅವನಿಗೆ ಆಗ ಹೇಳಬೇಕಾಗಿದ್ದು, ಹೇಳದೆ ಬಿಟ್ಟುದನ್ನು ಈ ಹೊತ್ತು ತಮ್ಮ ಮುಂದೆ ಅರಿಕೆಮಾಡಿಕೊಳ್ಳುತ್ತೇವೆ.

ಹೇಳಬೇಕಾದ ವಿಷಯವು ಇಂಗ್ಲೆಂಡಿನ ಒಂದು ದೊಡ್ಡ ಮನೆತನದ ಕಥೆ. ವೆಲ್ಲೆಸ್ಲಿಗಳ ಹೆಸರನ್ನು ಕೇಳದ ಮೈಸೂರಿನವರಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ದಿವಾನ್ ಪೂರ್ಣಯ್ಯನವರು 1804 ರಲ್ಲಿ ಕಟ್ಟಿ ಮುಗಿಸಿದ ಕಲ್ಲುಕಂಬಗಳ ಸೇತುವೆಗೆ ಈ ಮನೆಯ ಹೆಸರೇ ಇರುವುದು. ಆದರೆ ಈ ಮನೆತನದ ಪತ್ರಗಳಲ್ಲಿ ನಮ್ಮ ಚನ್ನಗಿರಿಯ ಮಗನೊಬ್ಬನ ಹೆಸರು, ಹೊನ್ನಾಳಿಯ ಹೆಸರು, ಒಬ್ಬ ಅನಾಥ ಬಾಲಕನ ಹೆಸರು ಇವು ಸೇರಿಕೊಂಡಿವೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಮನೆತನದ ಹೆಸರು ಬಂದ ಬಗೆಯಂತೂ ಇನ್ನೂ ಕಡಿಮೆ ಜನರಿಗೆ ತಿಳಿದಿದೆ.

ಮೊದಲು ಹೆಸರಿನ ವಿಚಾರ. ಐರ್ಲೆಂಡಿನ ಮೀತ್ ಸೀಮೆಯಲ್ಲಿ ಡ್ಯಾಂಗನ್ ಎಂಬ ಊರು. ಅಲ್ಲಿ ಗ್ಯಾರೆಟ್ ವೆಸ್ಲಿ ಎಂಬ ಭೂಸ್ವಾಮಿಯಿದ್ದನು. ಇವನ ಪೂರ್ವಿಕರು ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದಿಂದ ಬಹು ಹಿಂದೆಯೇ ಹೋಗಿ ಐರ್ಲೆಂಡಿನಲ್ಲಿ ನೆಲೆಸಿದವರು. ಗ್ಯಾರೆಟ್ ವೆಸ್ಲಿಗೆ ಆಸ್ತಿಯಿದ್ದಿತು, ಮಕ್ಕಳಿರಲಿಲ್ಲ. ತನ್ನ ಮನೆಯ ಹೆಸರಿರುವ ಹುಡುಗನೊಬ್ಬನನ್ನು ಇಂಗ್ಲೆಂಡಿನಿಂದ ಕರೆಸಿಕೊಳ್ಳಬೇಕೆಂದು ಅವನು ಯೋಚಿಸಿದನೆಂದೂ, ಮುಂದೆ ಮೆಥೊಡಿಸ್ಟ್ ಪಂಥದ ಕೀರ್ತನಕಾರನೆಂದು ಪ್ರಸಿದ್ಧನಾದ ಚಾರ್ಲ್ಸ್ ವೆಸ್ಲಿಯೇ ಆ ಹುಡುಗನೆಂದೂ, ಅವನು ಒಲ್ಲೆನೆಂದನೆಂದೂ ಒಂದು ಹೇಳಿಕೆಯುಂಟು. ಅದೇನೇ ಇರಲಿ, 1728 ರಲ್ಲಿ ಗ್ಯಾರೆಟ್ ವೆಸ್ಲಿಯು ತೀರಿಕೊಂಡಾಗ ಅವನ ಆಸ್ತಿಯೆಲ್ಲವೂ ಮರಣಶಾಸನದ ಮೂಲಕ ರಿಚರ್ಡ್ ಕೌಲಿ ಎಂಬುವನಿಗೆ ಸೇರಿತು. ಸಂಬಂಧವೇನೆಂದರೆ, ಗ್ಯಾರೆಟನು ರಿಚರ್ಡನ ಸೋದರತ್ತೆಯ ಮಗ. ಅಂದರೆ ರಿಚರ್ಡ್ ಕೌಲಿಯ ಮೈಯಲ್ಲಿ ವೆಸ್ಲಿಗಳ ರಕ್ತವು ಒಂದು ತೊಟ್ಟೂ ಇರಲಿಲ್ಲ. ಆಸ್ತಿಗೆ ಒಂದು ಷರತ್ತಿದ್ದಿತು: ಪಡೆಯುವವನು ವೆಸ್ಲಿ ಎಂಬ ಹೆಸರನ್ನೂ ಆ ಮನೆಯ ಲಾಂಛನವನ್ನೂ ಧರಿಸಬೇಕು. ರಿಚರ್ಡ್ ಕೌಲಿಯು ಒಪ್ಪಿ ರಿಚರ್ಡ್ ವೆಸ್ಲಿಯಾದನು.

ನಮ್ಮಲ್ಲಿ ಇದಕ್ಕೆ ಏನೆನ್ನುತ್ತೇವೆ? ಶಾಸ್ತ್ರೋಕ್ತವಾದ ಹೋಮವಿಲ್ಲ, ಪುತ್ರಸ್ವೀಕಾರದ ಮಂತ್ರವಿಲ್ಲ; ಇಂಗ್ಲೆಂಡಿನ ಕಾಯಿದೆಯಲ್ಲಿ ದತ್ತು ಎಂಬುದೇ 1926 ರವರೆಗೆ ಇರಲಿಲ್ಲ. ಆದರೆ ಮಕ್ಕಳಿಲ್ಲದ ಮನೆಯೊಂದು ಹೆಸರು ಅಳಿಯಬಾರದೆಂದು ಬೇರೆ ಮನೆಯ ಕುಡಿಯನ್ನು ತಂದು ನಾಟಿಕೊಂಡಿತು. ತೋಟದ ಕೆಲಸ ಬಲ್ಲವರು ಇದನ್ನು ಕಸಿ ಎನ್ನುತ್ತಾರೆ. ಬೇರು ಒಂದರದು, ರೆಂಬೆ ಇನ್ನೊಂದರದು. ಹಣ್ಣನ್ನು ತಿನ್ನುವವನು ಇದು ಯಾವ ಬೇರಿನದೆಂದು ಕೇಳುವುದಿಲ್ಲ.

ಈ ಕಸಿಯ ಮರಕ್ಕೆ ಫಲ ಬೇಗ ಬಂದಿತು. ರಿಚರ್ಡ್ ವೆಸ್ಲಿಯು 1746 ರಲ್ಲಿ ಬ್ಯಾರನ್ ಮಾರ್ನಿಂಗ್‌ಟನ್ ಆದನು. ಅವನ ಮಗನು, ಹೆಸರಿನಲ್ಲಿ ಮತ್ತೊಬ್ಬ ಗ್ಯಾರೆಟ್, 1760 ರಲ್ಲಿ ಅರ್ಲ್ ಪದವಿಗೇರಿದನು. ಈತನು ಸಂಗೀತಪ್ರಿಯ; ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರಾಧ್ಯಾಪಕನೂ ಆಗಿದ್ದನು. 1781 ರಲ್ಲಿ ಕಾಲವಾದಾಗ ಮಕ್ಕಳಿಗೆ ರಾಗಗಳನ್ನೂ ಸಾಲವನ್ನೂ ಬಿಟ್ಟು ಹೋದನು. ಆ ಮಕ್ಕಳಲ್ಲಿ ಮೂವರನ್ನು ನಾವು ನೆನಪಿನಲ್ಲಿಡಬೇಕು: ಹಿರಿಯನು 1760 ರಲ್ಲಿ ಹುಟ್ಟಿದ ರಿಚರ್ಡ್, ನಡುವಣವನು 1769 ರಲ್ಲಿ ಹುಟ್ಟಿದ ಆರ್ಥರ್, ಕಿರಿಯನು 1773 ರಲ್ಲಿ ಹುಟ್ಟಿದ ಹೆನ್ರಿ. ವೆಸ್ಲಿ ಎಂಬುದನ್ನು ಬಿಟ್ಟು ವೆಲ್ಲೆಸ್ಲಿ ಎಂಬ ಹಳೆಯ, ಗಂಭೀರವಾದ ರೂಪವನ್ನು ಮತ್ತೆ ಬಳಕೆಗೆ ತಂದವನು ರಿಚರ್ಡ್. ಆರ್ಥರನು 1798 ರಲ್ಲಿ, ಹಿಂದೂದೇಶಕ್ಕೆ ಬಂದ ಮೇಲೆಯೇ, ತನ್ನ ರುಜುವನ್ನು ಹಾಗೆ ಬದಲಾಯಿಸಿಕೊಂಡನು. ಹೀಗೆ ಹೆಸರು ಎರವಲು, ಅದರ ಅಕ್ಷರಗಳೂ ಹೊಸದಾಗಿ ತಿದ್ದಿದವು. ಆದರೂ ಲೋಕದಲ್ಲಿ ಅದಕ್ಕಿಂತ ಪುರಾತನವಾದ ಮನೆತನವಿಲ್ಲವೆಂಬಂತೆ ಮುಂದೆ ಅದು ಮೆರೆಯಿತು.

1798 ರಲ್ಲಿ ರಿಚರ್ಡ್ ವೆಲ್ಲೆಸ್ಲಿಯು ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದನು. ಆರ್ಥರನು ದಂಡಿನ ಕರ್ನಲ್ ಆಗಿ ಆಗಲೇ ಬಂದಿದ್ದನು. ಹೆನ್ರಿಯು ಅಣ್ಣನ ಕಾರ್ಯದರ್ಶಿ. ಮರುವರ್ಷ, 1799 ರ ಮೇ ತಿಂಗಳ 4 ನೆಯ ತಾರೀಖು ಶ್ರೀರಂಗಪಟ್ಟಣವು ಬಿದ್ದುದೂ ಟಿಪ್ಪು ಸುಲ್ತಾನನು ಮಡಿದುದೂ ಎಲ್ಲರಿಗೂ ತಿಳಿದ ಸಂಗತಿ. ರಾಜ್ಯವನ್ನು ಹೇಗೆ ಹಂಚಬೇಕೆಂಬುದನ್ನು ತೀರ್ಮಾನಿಸಿದ ಕಮಿಷನರುಗಳಲ್ಲಿ ಆರ್ಥರ್, ಹೆನ್ರಿ ಇಬ್ಬರು ತಮ್ಮಂದಿರೂ ಇದ್ದರು. ಆ ಜೂನ್ ತಿಂಗಳ 30 ರಂದು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಈ ವಿಜಯಕ್ಕಾಗಿ ರಿಚರ್ಡನಿಗೆ ಮಾರ್ಕ್ವಿಸ್ ಪದವಿ ಬಂದಿತು. ಆದರೆ ಅದು ಇಂಗ್ಲೆಂಡಿನದಲ್ಲ, ಐರ್ಲೆಂಡಿನ ಪದವಿ. ಇಂಗ್ಲೆಂಡಿನ ಪ್ರಭುಗಳ ಸಾಲಿನಲ್ಲಿ ಅದಕ್ಕೆ ಬೆಲೆ ಕಡಮೆ. ಐರ್ಲೆಂಡಿನವರ ಮುಖ್ಯ ಆಹಾರವು ಆಲೂಗೆಡ್ಡೆಯಷ್ಟೆ. ತನಗೆ ದೊರೆತುದು ಚಿನ್ನದ ಮುಲಾಮು ಹಾಕಿದ ಆಲೂಗೆಡ್ಡೆಯೆಂದು ರಿಚರ್ಡನು ಕಹಿಯಾಗಿ ಬರೆದುಕೊಂಡನು.

ಈಗ ಡ್ಯಾಂಗನ್ನಿನಿಂದ ಚನ್ನಗಿರಿಗೆ ಬರೋಣ. ಚನ್ನಗಿರಿಯ ಬೆಟ್ಟದ ಮೇಲೆ ಕೋಟೆಯೂ ರಂಗನಾಥನ ಗುಡಿಯೂ ಇರುವುದನ್ನು ನೋಡಿದವರು ಬಹಳ. ಆ ಊರಿನಲ್ಲಿ ಪವಾರ ಮನೆತನದ ಮರಾಠಿ ಕುಟುಂಬವೊಂದರಲ್ಲಿ ಧೋಂಡಿಯನು ಹುಟ್ಟಿದನು. ವಾಘ್ ಎಂದರೆ ಮರಾಠಿಯಲ್ಲಿ ಹುಲಿ. ಹೈದರಾಲಿಯ ಲಷ್ಕರಿನಲ್ಲಿ ರಾಹುತನಾಗಿ ಸೇರಿದನು. ಮೂರನೆಯ ಮೈಸೂರು ಯುದ್ಧದ ಗಲಿಬಿಲಿಯಲ್ಲಿ ಸೈನ್ಯವನ್ನು ಬಿಟ್ಟು ಉತ್ತರಕ್ಕೆ ಹೋಗಿ, ಹಾವೇರಿ ಸವಣೂರುಗಳ ಸೀಮೆಯಲ್ಲಿ ಸ್ವಂತ ದಂಡು ಕಟ್ಟಿಕೊಂಡು ಲೂಟಿಗೆ ತೊಡಗಿದನು. ಮರಾಠರ ಸರದಾರ ಧೋಂಡೋಪಂತ ಗೋಖಲೆಯು ಅಲ್ಲಿಂದ ಓಡಿಸಿದ ಮೇಲೆ 1794 ರಲ್ಲಿ ಟಿಪ್ಪುವಿನ ಆಶ್ರಯಕ್ಕೆ ಬಂದನು. ಟಿಪ್ಪುವು ಮೊದಲು ಆದರಿಸಿದನು. ಆಮೇಲೆ ಬಲಾತ್ಕಾರದಿಂದ ಮತಾಂತರ ಮಾಡಿಸಿ, ಬೇರೆ ಹೆಸರಿಟ್ಟು, ಕೊನೆಗೆ ಸರಪಳಿ ಹಾಕಿ ಸೆರೆಯಲ್ಲಿಟ್ಟನು. ಶ್ರೀರಂಗಪಟ್ಟಣವು ಬಿದ್ದ ದಿವಸ ಕೋಟೆಯ ಬಾಗಿಲೊಂದಿಗೆ ಸೆರೆಯ ಬಾಗಿಲೂ ತೆರೆಯಿತು. ಧೋಂಡಿಯನು ಹೊರಕ್ಕೆ ಬಂದನು.

ಒಡೆಯನನ್ನು ಕಳೆದುಕೊಂಡು, ಸಂಬಳವಿಲ್ಲದೆ, ಕುದುರೆಯೊಂದೇ ಆಸ್ತಿಯಾಗಿ ಉಳಿದ ಸಿಪಾಯಿಗಳು ಆಗ ಮೈಸೂರು ಸೀಮೆಯ ತುಂಬ ಅಲೆಯುತ್ತಿದ್ದರು. ಅವರೆಲ್ಲರೂ ಧೋಂಡಿಯನ ನಿಶಾನಿಯ ಕೆಳಗೆ ಸೇರಿದರು. ಬಿದನೂರು, ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರದ ಸೀಮೆಯು ಅವನ ಕೈವಶವಾಯಿತು. 1799 ರ ಮಳೆಗಾಲದಲ್ಲಿ ಕುಂಪಣಿಯ ಎರಡು ದಂಡುಗಳು, ಒಂದು ಸ್ಟೀವನ್‌ಸನ್ನನ ಕೈಕೆಳಗೆ, ಇನ್ನೊಂದು ಚಿತ್ರದುರ್ಗದ ಕಡೆಯಿಂದ ಡಾಲ್ರಿಂಪಲನ ಕೈಕೆಳಗೆ ಹೊರಟು, ಶಿವಮೊಗ್ಗದ ಕೋಟೆಯನ್ನೂ ಹೊನ್ನಾಳಿಯ ಕೋಟೆಯನ್ನೂ ಹಿಡಿದು, ಶಿಕಾರಿಪುರದ ಬಳಿ ಅವನನ್ನು ಮುರಿದುವು. ಅವನು ಮರಾಠರ ಸೀಮೆಗೆ ದಾಟಿಕೊಂಡನು. ತುಂಗಭದ್ರೆಯ ತೀರದ ಹೊನ್ನಾಳಿಯವರಿಗೆ ಆ ವರ್ಷದ ಮಳೆಗಾಲವು ಎಂಥದಾಗಿದ್ದಿರಬೇಕು! ಮುಂಗಾರಿನ ಹೊಲ ಬಿತ್ತುವ ಹೊತ್ತಿಗೆ ಒಂದು ದಂಡು, ಕಳೆ ಕೀಳುವ ಹೊತ್ತಿಗೆ ಇನ್ನೊಂದು ದಂಡು. ಲೂಟಿಗಾರನ ಕುದುರೆಯೂ ಕುಂಪಣಿಯ ಕುದುರೆಯೂ ಮೇಯುವುದು ರೈತನ ಪೈರನ್ನೇ ಅಲ್ಲವೆ?

ಧೋಂಡಿಯನು ಸೋತರೂ ಸುಮ್ಮನಿರಲಿಲ್ಲ. 1800 ನೆಯ ವರ್ಷ ಮತ್ತೆ ದೊಡ್ಡ ದಂಡನ್ನು ಕೂಡಿಸಿ, ತನ್ನನ್ನು ಎರಡು ಲೋಕಗಳ ಒಡೆಯನೆಂದು, ಉಭಯಲೋಕಾಧೀಶ್ವರನೆಂದು ಕರೆದುಕೊಂಡನು. ನಗುವುದಕ್ಕೆ ಮುಂಚೆ ಸ್ವಲ್ಪ ಯೋಚಿಸಬೇಕು. ಅವನಿಗೆ ವಂಶಾವಳಿಯಿರಲಿಲ್ಲ, ತಾತನ ಸನ್ನದಿರಲಿಲ್ಲ, ಹುಟ್ಟಿದಾಗಿನ ಧರ್ಮವೂ ಹೆಸರೂ ಬಲಾತ್ಕಾರದಿಂದ ಹೋಗಿದ್ದುವು. ಹಿಂದಿನಿಂದ ಬಂದ ಬಿರುದಿಲ್ಲದವನು ತನಗೆ ತಾನೇ ಬಿರುದು ಕೊಟ್ಟುಕೊಂಡನು. ಎಪ್ಪತ್ತೆರಡು ವರ್ಷಗಳ ಹಿಂದೆ ಹೆಸರನ್ನು ಎರವಲು ಪಡೆದ ಮನೆಯವನೊಬ್ಬನು ಅವನ ಬೆನ್ನು ಹತ್ತಿದನು.

ಆರ್ಥರ್ ವೆಲ್ಲೆಸ್ಲಿಯು ಸ್ವತಂತ್ರ ಸೇನಾಧಿಪತಿಯಾಗಿ ನಡೆಸಿದ ಮೊದಲನೆಯ ದಂಡಯಾತ್ರೆಯು ಇದೇ. ಜೂನ್ ತಿಂಗಳ ಕೊನೆಯಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ, ರಾಣೆಬೆನ್ನೂರು, ಕುಂದಗೋಳ, ಡಂಬಳಗಳನ್ನು ಹಿಡಿಯುತ್ತ ನಡೆದನು. ಇತ್ತ ಧೋಂಡಿಯನು ಹಳೆಯ ವೈರಿ ಗೋಖಲೆಯನ್ನು ಕಿತ್ತೂರಿನ ಬಳಿ ಕೊಂದನು. ಜುಲೈ 30 ರಂದು ಮಲಪ್ರಭೆಯ ತೀರದ ಮುನವಳ್ಳಿಯ ಹತ್ತಿರ ವೆಲ್ಲೆಸ್ಲಿಯು ಧೋಂಡಿಯನ ದಂಡಿನ ಒಂದು ಭಾಗವನ್ನು ನದಿಗೆ ಅಟ್ಟಿದನು. ಕಡೆಗೆ ಸೆಪ್ಟೆಂಬರ್ 10 ರಂದು, ನಿಜಾಮನ ಸೀಮೆಯಲ್ಲಿ ಕೋಣಗಲ್ಲೆಂಬ ಊರಿನ ಬಳಿ ಇಬ್ಬರೂ ಎದುರುಬದುರಾದರು. ಧೋಂಡಿಯನ ಕಡೆ ಸುಮಾರು ಐದು ಸಾವಿರ ಕುದುರೆ. ವೆಲ್ಲೆಸ್ಲಿಯ ಹತ್ತಿರ ನಾಲ್ಕು ರೆಜಿಮೆಂಟ್ ರಾವುತರು ಮಾತ್ರ. ಕಾಲಾಳುಗಳು ಹಿಂದೆ ಉಳಿದಿದ್ದರು. ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿದನು. ಧೋಂಡಿಯನು ಮಡಿದನು. ಅವನ ದೇಹವನ್ನು ಗುರುತಿಸಿ ತೋಪಿನ ಗಾಡಿಯ ಮೇಲೆ ಹಾಕಿಕೊಂಡು ಪಾಳೆಯಕ್ಕೆ ತಂದರು.

ಧೋಂಡಿಯನು ವೀರನೋ ದರೋಡೆಗಾರನೋ ಎಂಬ ವಾದವು ಬಹುಕಾಲದಿಂದ ನಡೆದಿದೆ. ಅವನು ಕುಂಪಣಿಗೆ ತಲೆ ಬಾಗಲಿಲ್ಲವೆಂಬುದೂ ನಿಜ, ಬಡ ಹಳ್ಳಿಗಳನ್ನು ದೋಚಿದನೆಂಬುದೂ ನಿಜ. ಎರಡನ್ನೂ ಒಟ್ಟಿಗೆ ಹೇಳುವುದೇ ಚರಿತ್ರೆಯ ಧರ್ಮ.

ನಮ್ಮ ಕಥೆಗೆ ಬೇಕಾದುದು ಆ ಸಂಜೆ ನಡೆದ ಒಂದು ಸಣ್ಣ ಸಂಗತಿ. ಸೋತ ಪಾಳೆಯದ ಸಾಮಾನುಗಳ ನಡುವೆ ನಾಲ್ಕು ವರ್ಷದ ಒಂದು ಹುಡುಗ ಸಿಕ್ಕಿದನು. ಹೆಸರು ಸಲಾಬತ್ ಖಾನ್. ಧೋಂಡಿಯನ ಮಗನೆಂದು ಕೆಲವರು, ಅವನು ಪ್ರೀತಿಯಿಂದ ಸಾಕಿಕೊಂಡವನೆಂದು ಕೆಲವರು. ಹುಡುಗನನ್ನು ವೆಲ್ಲೆಸ್ಲಿಯ ಡೇರೆಗೆ ಕರೆತಂದರು. ತಂದೆಯನ್ನು ಕೊಲ್ಲಿಸಿದ ಕೈಯೇ ಮಗನನ್ನು ಎತ್ತಿಕೊಂಡಿತು. ವೆಲ್ಲೆಸ್ಲಿಯು ಅವನ ಪೋಷಣೆಯನ್ನು ತಾನೇ ವಹಿಸಿದನು. 1805 ರಲ್ಲಿ ಈ ದೇಶವನ್ನು ಬಿಟ್ಟು ಹೊರಟಾಗ ಶ್ರೀರಂಗಪಟ್ಟಣದಲ್ಲಿ ಕಲೆಕ್ಟರನಾಗಿದ್ದ ಸೈಮನ್ಸ್ ಎಂಬುವನ ವಶದಲ್ಲಿ ಹುಡುಗನ ಸಾಕಣೆಗೂ ವಿದ್ಯೆಗೂ ಹಣವಿಟ್ಟು ಹೋದನು. ಸಲಾಬತ್ ಖಾನನು ಸುಂದರನೂ ಬುದ್ಧಿವಂತನೂ ಆದ ತರುಣನಾಗಿ ಬೆಳೆದು, ಮೈಸೂರು ಮಹಾರಾಜರ ಸೇವೆಗೆ ಸೇರಿ, 1822 ರಲ್ಲಿ ವಾಂತಿಭೇದಿಯ ಬೇನೆಯಿಂದ ತೀರಿಕೊಂಡನು. ಅಷ್ಟು ಹೊತ್ತಿಗೆ ಅವನನ್ನು ಸಾಕಿದವನು ವಾಟರ್‌ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದು ಏಳು ವರ್ಷವಾಗಿದ್ದಿತು. ವೆಲಿಂಗ್‌ಟನ್ನಿನ ಡ್ಯೂಕನೆಂದು ಯೂರೋಪಿನಲ್ಲೆಲ್ಲಾ ಅವನ ಹೆಸರಿದ್ದಿತು. ಆ ದಯೆ ನಿಜವಾದ ದಯೆಯೇ; ಅದನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಆ ಡ್ಯೂಕನ ವಂಶಾವಳಿಯ ಪುಸ್ತಕದಲ್ಲಿ ಸಲಾಬತ್ ಖಾನನಿಗೆ ಗೆರೆಯಿಲ್ಲ. ಅನ್ನ ದೊರೆಯಿತು, ವಿದ್ಯೆ ದೊರೆಯಿತು. ಗೆರೆ ಮಾತ್ರ ದೊರೆಯಲಿಲ್ಲ.

ಗೆರೆಗೆ ಇಷ್ಟು ಬಿಗಿ ಮಾಡಿದ ಆ ಪುಸ್ತಕದಲ್ಲಿ ವೆಲ್ಲೆಸ್ಲಿಗಳ ಗತಿ ಮುಂದೇನಾಯಿತೆಂದು ನೋಡೋಣ. ಇಂಗ್ಲೆಂಡಿನ ಪ್ರಭುಪದವಿಯು ಸಾಮಾನ್ಯವಾಗಿ ಧರ್ಮಪತ್ನಿಯಲ್ಲಿ ಹುಟ್ಟಿದ ಗಂಡುಮಕ್ಕಳ ಸಾಲಿನಲ್ಲಿ, ಹಿರಿಯನಿಂದ ಹಿರಿಯನಿಗೆ ಇಳಿಯತಕ್ಕದ್ದು. ದತ್ತುಮಗನಿಗೆ ಅದು ಇಂದಿಗೂ ಸಲ್ಲದು. ಗವರ್ನರ್ ಜನರಲ್ ರಿಚರ್ಡನಿಗೆ ಮಕ್ಕಳಿದ್ದರು. ಆದರೆ ಅವರೆಲ್ಲರೂ, ಹಯಸಿಂತ್ ರೋಲಾನ್ ಎಂಬ ಫ್ರೆಂಚ್ ಮಹಿಳೆಯನ್ನು ಅವನು 1794 ರಲ್ಲಿ ಲಗ್ನವಾಗುವುದಕ್ಕೆ ಮುಂಚೆಯೇ ಹುಟ್ಟಿದವರು. ಆದಕಾರಣ 1842 ರಲ್ಲಿ ಅವನು ಸತ್ತಾಗ ಆ ಚಿನ್ನದ ಮುಲಾಮಿನ ಮಾರ್ಕ್ವಿಸ್ ಪದವಿಯು ಅವನೊಂದಿಗೇ ಮುಗಿಯಿತು. ಅರ್ಲ್ ಪದವಿಯು ತಮ್ಮನಾದ ವಿಲಿಯಮನಿಗೆ ಹೋಗಿ, ಅವನ ಮೊಮ್ಮಗನಲ್ಲಿ 1863 ರಲ್ಲಿ ಕವಲು ಬತ್ತಿ, ಡ್ಯೂಕನ ಮನೆಗೆ ಸೇರಿತು. ಡ್ಯೂಕನ ಮನೆಯಲ್ಲಾದರೂ ನೇರವಾಗಿ ನಡೆಯಿತೆ? ಎರಡನೆಯ ಡ್ಯೂಕನಿಗೆ ಮಕ್ಕಳಿಲ್ಲ. ತಮ್ಮನ ಮಗನಿಗೆ ಹೋಯಿತು. ಅವನಿಗೂ ಮಕ್ಕಳಿಲ್ಲ, ಅವನ ತಮ್ಮನಿಗೆ ಹೋಯಿತು. ಆರನೆಯವನು 1943 ರಲ್ಲಿ ಇಟಲಿಯ ಸಾಲೆರ್ನೊ ಯುದ್ಧದಲ್ಲಿ ಅವಿವಾಹಿತನಾಗಿಯೇ ಮಡಿದನು. ಪದವಿಯು ಹಿಂದಕ್ಕೆ ತಿರುಗಿ ಚಿಕ್ಕಪ್ಪನಿಗೆ ಹೋಯಿತು. ಆ ಚಿಕ್ಕಪ್ಪನ ಮಗನು ಎಂಟನೆಯ ಡ್ಯೂಕನಾಗಿ ದೀರ್ಘಕಾಲ ಬಾಳಿ 2014 ರ ಕೊನೆಯ ದಿನ ತೀರಿಕೊಂಡನು.

ಆರನೆಯವನ ಮರಣದಲ್ಲಿ ಇನ್ನೊಂದು ಸ್ವಾರಸ್ಯವುಂಟು. ಮೊದಲನೆಯ ಡ್ಯೂಕನಿಗೆ ಸ್ಪೇನ್ ದೇಶವೂ ಒಂದು ಡ್ಯೂಕ್ ಪದವಿಯನ್ನು ಕೊಟ್ಟಿದ್ದಿತು. ಇಂಗ್ಲೆಂಡಿನ ಕಾಯಿದೆಯಂತೆ ವೆಲಿಂಗ್‌ಟನ್ ಪದವಿಯು ಚಿಕ್ಕಪ್ಪನಿಗೆ ಹೋದರೆ, ಸ್ಪೇನಿನ ಕಾಯಿದೆಯಂತೆ ಅಲ್ಲಿಯ ಪದವಿಯು ಸತ್ತವನ ಅಕ್ಕನಿಗೆ ಸೇರಿತು. 1949 ರಲ್ಲಿ ಆಕೆ ಅದನ್ನು ತಾನಾಗಿಯೇ ಚಿಕ್ಕಪ್ಪನಿಗೆ ಬಿಟ್ಟುಕೊಟ್ಟಳು. ಒಂದೇ ಮನೆ, ಒಂದೇ ಸಾವು. ಒಂದು ದೇಶದ ಪುಸ್ತಕದಲ್ಲಿ ಹೆಣ್ಣುಮಗಳು ಉಂಟು, ಇನ್ನೊಂದರಲ್ಲಿ ಇಲ್ಲ. ವಂಶವೆಂಬುದು ಪ್ರಕೃತಿಯು ಮಾಡಿದುದಲ್ಲ, ಮನುಷ್ಯರು ಕೂತು ಬರೆದ ನಿಯಮವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎಲ್ಲಕ್ಕಿಂತ ದೊಡ್ಡ ವಿನೋದವನ್ನು ಕಾಲಪುರುಷನು ಬೇರೆ ಇಟ್ಟಿದ್ದನು. ರಿಚರ್ಡನ ಆ ಅಧಿಕಾರವಿಲ್ಲದ ಮಕ್ಕಳಲ್ಲಿ ಆನ್ ಎಂಬ ಮಗಳಿದ್ದಳು. ಆಕೆ ಬೆಂಟಿಂಕ್ ಮನೆತನದ ಚಾರ್ಲ್ಸ್ ಎಂಬುವನನ್ನು ಮದುವೆಯಾದಳು. ಆಕೆಯ ಮಗನು ಪಾದ್ರಿ. ಆ ಪಾದ್ರಿಯ ಮಗಳು ಸಿಸಿಲಿಯ. ಸಿಸಿಲಿಯಳ ಮಗಳು ಎಲಿಜಬೆತ್, ಆರನೆಯ ಜಾರ್ಜ್ ದೊರೆಯ ರಾಣಿ. ಅವಳ ಮಗಳು 1952 ರಿಂದ 2022 ರವರೆಗೆ ಆಳಿದ ಎರಡನೆಯ ಎಲಿಜಬೆತ್. ಅಂದರೆ ಮಾರ್ಕ್ವಿಸ್ ಪದವಿಗೆ ಬಾರದೆಂದು ಪ್ರಭುಗಳ ಪುಸ್ತಕವು ಬದಿಗಿಟ್ಟ ಕುಡಿಯೇ ಹೆಣ್ಣುಮಕ್ಕಳ ಕೈಹಿಡಿದು ಸಿಂಹಾಸನದವರೆಗೆ ನಡೆದುಹೋಯಿತು.

ಇನ್ನು ನಮ್ಮ ಸೀಮೆಯನ್ನೇ ನೋಡಿಕೊಳ್ಳೋಣ. ಚನ್ನಗಿರಿ, ಹೊನ್ನಾಳಿ, ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿ, ಜಗಳೂರು ಇವು ಈಗ ದಾವಣಗೆರೆ ಜಿಲ್ಲೆಯವು. ಇವುಗಳಲ್ಲಿ ಪ್ರಭುಮನೆತನಗಳಿಗೆ ಕಡಮೆಯಿರಲಿಲ್ಲ. ನ್ಯಾಮತಿಯ ಹತ್ತಿರದ ಬೆಳಗುತ್ತಿಯಲ್ಲಿ ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಸಿಂದರು ಆಳುತ್ತಿದ್ದರು. ತಮ್ಮನ್ನು ನಾಗವಂಶದವರೆಂದು ಹೇಳಿಕೊಂಡ ಅವರ ಮೂಲವನ್ನು ಶಾಸನಗಳು ಬಣ್ಣಿಸುವ ಬಗೆ ಸೊಗಸಾದುದು. ಶಿವನಿಗೂ ಸಿಂಧೂನದಿಗೂ ಹುಟ್ಟಿದ ಶಿಶುವೊಂದು; ಸರ್ಪರಾಜನು ಅದರ ಪಾಲಕ; ಧೈರ್ಯ ಬರಲೆಂದು ಅದಕ್ಕೆ ಹುಲಿಯ ಹಾಲು; ಬೆಳೆದು ದೊಡ್ಡವನಾಗಿ ಕರಹಾಟವನ್ನು ಗೆದ್ದುದು. ಕಥೆಯು ಕಟ್ಟುಕಥೆಯಾಗಿರಲಿ. ಆದರೆ ಅದರ ಒಳಗೆ ಏನಿದೆ ನೋಡಿರಿ: ಹಡೆದವರು ಬೇರೆ, ಸಾಕಿದವರು ಬೇರೆ, ಹಾಲು ಕುಡಿಸಿದವಳು ಇನ್ನೂ ಬೇರೆ. ತಮ್ಮ ಮೂಲಪುರುಷನು ಸಾಕುಮಗನೆಂದು ಕಲ್ಲಿನಲ್ಲಿ ಕೊರೆಯಿಸುವುದಕ್ಕೆ ಆ ಅರಸರಿಗೆ ನಾಚಿಕೆಯಾಗಲಿಲ್ಲ.

ಚನ್ನಗಿರಿಗೆ ಆ ಹೆಸರು ಬಂದುದು ಕೆಳದಿಯ ಚನ್ನಮ್ಮಾಜಿಯವರಿಂದ ಎಂದು ಪ್ರತೀತಿ. ಪತಿಯಾದ ಸೋಮಶೇಖರ ನಾಯಕರ ಕಾಲಾನಂತರ ರಾಜ್ಯಭಾರವನ್ನು ಹೊತ್ತು 1697 ರವರೆಗೆ ಆಳಿದ ಆ ತಾಯಿಗೆ ಮಕ್ಕಳಿರಲಿಲ್ಲ. ಬಸಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡರು. ಆ ದತ್ತುಮಗನೇ ಮುಂದೆ ಬಸಪ್ಪ ನಾಯಕನಾಗಿ ಆಳಿ, ಸಂಸ್ಕೃತದಲ್ಲಿ ಶಿವತತ್ತ್ವರತ್ನಾಕರವೆಂಬ ಮಹಾಗ್ರಂಥವನ್ನು ರಚಿಸಿದನು. ಕೆಳದಿಯ ಅರಸರ ಚರಿತ್ರೆಯನ್ನು ನಾವು ತಿಳಿಯುವುದಕ್ಕೆ ಇರುವ ಮುಖ್ಯ ಆಧಾರಗಳಲ್ಲಿ ಅದೂ ಒಂದು. ಆ ಮನೆತನದ ಕಥೆಯನ್ನು ಉಳಿಸಿಕೊಟ್ಟವನು ಆ ಮನೆಯಲ್ಲಿ ಹುಟ್ಟಿದವನಲ್ಲ, ಅಲ್ಲಿಗೆ ಬಂದು ಸೇರಿದವನು.

ಜಗಳೂರಿನ ವಿಷಯವೂ ಹಾಗೆಯೇ. ಚಿತ್ರದುರ್ಗದ ನಾಯಕರ ಸಾಲಿನಲ್ಲಿ 1675 ರಿಂದ ಹದಿನೈದು ವರ್ಷಗಳೊಳಗೆ ಅರಸರ ಮೇಲೆ ಅರಸರು ಬದಲಾಗಿ ಗದ್ದುಗೆಯು ಅಲುಗಾಡುತ್ತಿದ್ದಾಗ, 1689 ರಲ್ಲಿ ಈಗಿನ ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಭರಮಣ್ಣನನ್ನು ಕರೆತಂದು ಪಟ್ಟ ಕಟ್ಟಿದರು. ಅವನು ಮೂವತ್ತೆರಡು ವರ್ಷ ಆಳಿದನು; ಗುಡಿಗಳನ್ನೂ ಕೆರೆಗಳನ್ನೂ ಕಟ್ಟಿಸಿದನು; ಭರಮಸಾಗರವೆಂಬ ಊರಿನ ಹೆಸರು ಅವನನ್ನು ಇಂದಿಗೂ ನೆನಪಿಗೆ ತರುತ್ತದೆ. ಆ ಮನೆತನದ ಕೊನೆಯವನಾದ, ನಾಡೆಲ್ಲ ಹಾಡಿಹೊಗಳುವ ಮದಕರಿ ನಾಯಕನೂ ಜಾನಕಲ್ಲಿನ ಕವಲಿನಿಂದ ಬಂದವನೇ.

ನಮ್ಮ ದೇಶದಲ್ಲಿ ಹೀಗೆ ರೂಢಿಯಾಗಿದ್ದ ಈ ಕಸಿಯನ್ನು ಕುಂಪಣಿಯವರು ಸುಳ್ಳೆಂದರು. 1824 ರಲ್ಲಿ ಕಿತ್ತೂರಿನ ದೇಸಾಯಿಯು ಸಾಯುವ ಮುಂಚೆ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡುದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಒಪ್ಪಲಿಲ್ಲ. ರಾಣಿ ಚನ್ನಮ್ಮನವರು ಹೋರಾಡಿದರು, ಅಕ್ಟೋಬರ್ 23 ರಂದು ಥ್ಯಾಕರೆಯು ಕಿತ್ತೂರಿನ ಕೋಟೆಯ ಮುಂದೆ ಮಡಿದನು, ಕಿತ್ತೂರೂ ಹೋಯಿತು. 1848 ರಿಂದೀಚೆಗೆ ಡಾಲ್‌ಹೌಸಿಯ ಕಾಲದಲ್ಲಿ ಸಾತಾರ, ಝಾನ್ಸಿಗಳು ಇದೇ ನೆವದಿಂದ ಹೋದುವು. ಮೈಸೂರಿನಲ್ಲಿ, ವೆಲ್ಲೆಸ್ಲಿ ಸೋದರರ ಕಾಲದಲ್ಲಿ ಪಟ್ಟಕ್ಕೇರಿದ ಆ ಬಾಲಕರೇ ವೃದ್ಧರಾಗಿ 1865 ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ, ಅದಕ್ಕೂ ಮೊದಲು ಒಪ್ಪಿಗೆ ಬರಲಿಲ್ಲ. ಇಂಗ್ಲೆಂಡಿನಲ್ಲಿಯೇ ನ್ಯಾಯಪರರು ವಾದಿಸಿದ ಮೇಲೆ 1867 ರಲ್ಲಿ ಮನ್ನಣೆ ದೊರೆಯಿತು. ಅದು ದೊರೆಯದಿದ್ದರೆ ಮೈಸೂರಿನ ಮುಂದಿನ ಚರಿತ್ರೆಯೇ ಬೇರೆಯಾಗುತ್ತಿದ್ದಿತು.

ಇಂಗ್ಲಿಷರಿಗೆ ನಾವು ಅನ್ಯಾಯ ಮಾಡಬಾರದು. ಆಸ್ತಿಯನ್ನು ಮರಣಶಾಸನದಿಂದ ಕೊಡುವುದು ಬೇರೆ, ರಾಜ್ಯಕ್ಕೆ ಉತ್ತರಾಧಿಕಾರಿಯನ್ನು ಗೊತ್ತುಮಾಡುವುದು ಬೇರೆ ಎಂದು ಅವರ ವಕೀಲರು ಹೇಳಬಹುದು. ಆ ಭೇದವು ಕಾಯಿದೆಯಲ್ಲಿ ಇರುವುದೂ ಸರಿಯೇ. ಆದರೂ ತಮ್ಮ ಮಹಾಸೇನಾನಿಯ ಹೆಸರೇ ಒಬ್ಬ ಮಕ್ಕಳಿಲ್ಲದ ಮುದುಕನು ಬೇರೆ ಮನೆಯವನಿಗೆ ಕೊಟ್ಟುದೆಂಬುದನ್ನು ನೆನೆದಿದ್ದರೆ, ಸಾಕುಮಗನು ನಿಜವಾದ ಮಗನಲ್ಲವೆಂದು ಕಿತ್ತೂರಿನ ಕೋಟೆಯ ಮುಂದೆ ನಿಂತು ಹೇಳುವ ನಾಲಗೆ ಸ್ವಲ್ಪ ತಡೆಯುತ್ತಿದ್ದಿತೋ ಏನೋ.

ನಮ್ಮ ತರಗತಿಯ ಹುಡುಗನಿಗೆ ಆ ದಿವಸ ಹೇಳಬೇಕಾಗಿದ್ದುದು ಇಷ್ಟೇ. ಅಪ್ಪಾ, ನೀನು ಅಳಿಸಿದ ಗೆರೆಯಂಥ ಗೆರೆಯೇ ವೆಲ್ಲೆಸ್ಲಿಗಳ ವಂಶವೃಕ್ಷದಲ್ಲಿ 1728 ರ ಎದುರಿಗೆ ಇದೆ. ಅವರು ಅದನ್ನು ಅಳಿಸಲಿಲ್ಲ, ಅದರ ಮೇಲೆ ಮನೆ ಕಟ್ಟಿದರು. ನಿನ್ನ ಊರಿನ ಕಡೆಯ ಬಿಳಿಚೋಡಿನ ಭರಮಣ್ಣನೂ ಹಾಗೆ ಬಂದು ಸೇರಿದವನೇ. ನಿಮ್ಮಜ್ಜನನ್ನು ಎತ್ತಿ ತಂದು, ಹೆಸರಿಟ್ಟು, ಅನ್ನವಿಕ್ಕಿದವರು ನಿನ್ನವರು. ಅಜ್ಜನನ್ನು ಹಡೆದವರೂ ನಿನ್ನವರು. ಎರಡು ಗೆರೆಗಳನ್ನೂ ಎಳೆ. ಕಾಗದದಲ್ಲಿ ಸ್ಥಳ ಸಾಲದಿದ್ದರೆ ಇನ್ನೊಂದು ಹಾಳೆಯನ್ನು ಅಂಟಿಸು.

ಕೇಳುತ್ತಿರುವ ತಮ್ಮಲ್ಲಿಯೂ ನಮ್ಮದೊಂದು ಪ್ರಾರ್ಥನೆ. ಇಂಗ್ಲೆಂಡಿನಲ್ಲಿ ಪ್ರಭುಗಳ ವಂಶಾವಳಿಗೆ ಅಚ್ಚಾದ ಪುಸ್ತಕಗಳಿವೆ. ನಮ್ಮ ಮನೆಗಳ ವಂಶಾವಳಿಯು ಮುದುಕಿಯರ ನಾಲಗೆಯ ಮೇಲಿದೆ, ಆ ನಾಲಗೆಯ ಸಂಗಡವೇ ಹೋಗುತ್ತಿದೆ. ಈ ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಬರೆದಿಡಿರಿ. ತಂದೆಯ ಕಡೆಯದರೊಂದಿಗೆ ತಾಯಿಯ ಕಡೆಯದನ್ನೂ, ಹೊರಗೆ ಕೊಟ್ಟ ಹೆಣ್ಣುಮಕ್ಕಳನ್ನೂ, ಸಾಕಿಕೊಂಡವರನ್ನೂ ಬಿಡದೆ ಬರೆಯಿರಿ. ಸಲಾಬತ್ ಖಾನನಂಥವರು ಯಾರ ಮನೆಯಲ್ಲಾದರೂ ಇದ್ದಿದ್ದರೆ ಅವರಿಗೂ ಒಂದು ಗೆರೆಯಿರಲಿ.